ಬಸವನಗುಡಿಯ ಪೋರ್ಟ್ರೇಟ್ ಕ್ಲಾಸ್: ಎಂಟು ಭಾನುವಾರ, ಒಂದೇ ಮುಖ

ಮೊದಲೇ ಹೇಳಿಬಿಡುತ್ತೇನೆ, ಮುಖದ ಫೋಟೋ ತೆಗೆಯೋದು ಹೇಳಿಕೊಡುವ ಈ ಕ್ಲಾಸಿನ ಹೆಸರು, ಫೋನ್ ನಂಬರ್ ಇಲ್ಲಿ ಹಾಕುತ್ತಿಲ್ಲ. ಮೇಷ್ಟ್ರೇ ಬೇಡ ಅಂದಿದ್ದಾರೆ. ಒಂದು ಬ್ಯಾಚಿಗೆ ಎಂಟೇ ಜನ, ವರ್ಷಕ್ಕೆ ಮೂರೇ ಬ್ಯಾಚು, ಹಿಂದೆ ಯಾರೋ ಎಲ್ಲೋ ಬರೆದುಬಿಟ್ಟು ತಿಂಗಳುಗಟ್ಟಲೆ ಫೋನ್ ಬಂದು ಸಾಕಾಗಿಹೋಯಿತಂತೆ. ಗಾಂಧಿ ಬಜಾರ್ ಕಡೆ ಓಡಾಡುವವರಿಗೆ ಹುಡುಕೋದು ಕಷ್ಟವೇನಲ್ಲ. ಹಳೇ ಮನೆ, ಹೊರಗಡೆಯಿಂದಲೇ ಮಹಡಿ ಮೆಟ್ಟಿಲು, ಗೇಟಿಗೆ ತೂಗುಹಾಕಿದ ಒಂದು ಸ್ಲೇಟು, ಅದರ ಮೇಲೆ ಸೀಮೆಸುಣ್ಣದಲ್ಲಿ ಮುಂದಿನ ಬ್ಯಾಚಿನ ತಾರೀಖು. ನಾನು ಈ ಸಲ ಜೂನ್ ಎರಡನೇ ಭಾನುವಾರದಿಂದ ಎಂಟು ವಾರ ಹೋದೆ. ಫೀಸು 6,500 ರೂಪಾಯಿ. ಬೆಳಿಗ್ಗೆ ಎಂಟರಿಂದ ಹನ್ನೊಂದು ಅಂತ ಹೇಳುತ್ತಾರೆ, ಹನ್ನೆರಡೂವರೆಗೆ ಮುಂಚೆ ಒಂದು ದಿನವೂ ಎದ್ದಿದ್ದಿಲ್ಲ.

ನಾನು ಫೋಟೋಗ್ರಾಫರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಫ್ಲೆಕ್ಸಿಗೆ ಒಂದು ಫೋಟೋ ಬೇಕಾಯಿತು. ಆರು ಜನ ಕೂತು ಆರು ಫೋನ್ ಹುಡುಕಿದೆವು. ಮದುವೆ ಗ್ರೂಪಿನಲ್ಲಿ ಅರ್ಧ ಮುಖ, ತಿರುಪತಿಯಲ್ಲಿ ಬೋಳು ತಲೆ, ಮೊಮ್ಮಗನ ನಾಮಕರಣದಲ್ಲಿ ಬಾಯಿ ತುಂಬಾ ಹೋಳಿಗೆ. ಕೊನೆಗೆ ಯಾವುದೋ ಗುರುತಿನ ಚೀಟಿಯ ಫೋಟೋನ ದೊಡ್ಡದು ಮಾಡಿಸಿ ಹಾಕಿದೆವು. ನನ್ನ ಹತ್ತಿರ ಕ್ಯಾಮೆರಾ ಇತ್ತು, ಅದರಲ್ಲಿ ನಂದಿ ಬೆಟ್ಟದ ಸೂರ್ಯೋದಯ ಇನ್ನೂರು ಇತ್ತು. ದೊಡ್ಡಪ್ಪನ ಮುಖ ನೆಟ್ಟಗಿರೋದು ಒಂದೂ ಇರಲಿಲ್ಲ.

ಆಮೇಲೆ ಮಾಡಿದ ಕೆಲಸ ಎಲ್ಲರೂ ಮಾಡೋದೇ, ಹೊಸ ಲೆನ್ಸ್ ತಗೊಂಡೆ. 50 ಎಂಎಂ, ಎಫ್ 1.8. ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದಾಗಿ ತೆರೆಯುತ್ತೆ, ಚೂಪಾಗಿ ಬರುವ ಜಾಗ ಕಡಿಮೆಯಾಗುತ್ತೆ. ನನ್ನದು ಚಿಕ್ಕ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಇರುವ ಹಳೇ ಡಿಎಸ್‌ಎಲ್‌ಆರ್, ಅದರಲ್ಲಿ ಈ ಲೆನ್ಸು ಸುಮಾರು 75-80 ಎಂಎಂ ಥರ ಕಾಣುತ್ತೆ, ಮುಖ ತೆಗೆಯೋಕೆ ಹೇಳಿ ಮಾಡಿಸಿದ ಹಾಗೆ. ಹಿಂದೆ ಇರೋದೆಲ್ಲ ಮಂಜುಮಂಜಾಗಿ ಕರಗಿಹೋಗುತ್ತೆ. ಮನೆಯವರನ್ನೆಲ್ಲ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಎಲ್ಲರೂ ಸೂಪರ್ ಅಂದರು, ಚಿಕ್ಕಮ್ಮ ಮೂರು ಹೃದಯ ಕಳಿಸಿದರು. ಆರು ತಿಂಗಳು ಸೂಪರ್ ಅನ್ನಿಸಿಕೊಂಡೆ, ಫೋಟೋ ಮಾತ್ರ ಇದ್ದಲ್ಲೇ ಇತ್ತು. ಏನೋ ಸರಿಯಿಲ್ಲ ಅನ್ನೋದು ನನಗೇ ಗೊತ್ತಾಗುತ್ತಿತ್ತು, ಏನು ಅಂತ ಹೇಳೋರು ಇರಲಿಲ್ಲ. ನಮ್ಮ ಬ್ರಾಂಚಿನಲ್ಲಿ ಒಬ್ಬರು ಇಲ್ಲಿ ಕಲಿತು ಬಂದವರಿದ್ದರು. 'ಹೋಗಿ ಬೈಸ್ಕೊಂಡು ಬನ್ನಿ ಮೇಡಂ, ಸರಿಹೋಗುತ್ತೆ' ಅಂತ ಕಳಿಸಿದರು.

ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮೂವತ್ತು ವರ್ಷಕ್ಕೂ ಜಾಸ್ತಿ ಸ್ಟುಡಿಯೋ ಇಟ್ಟಿದ್ದವರು, ಪಾಸ್‌ಪೋರ್ಟ್ ಸೈಜು, ಮದುವೆ, ಹೆಣ್ಣು ನೋಡೋಕೆ ಕಳಿಸುವ ಫೋಟೋ, ಎಲ್ಲಾ. ನೆಗೆಟಿವ್ ಮೇಲೆ ಪೆನ್ಸಿಲ್ಲಿನಲ್ಲಿ ಟಚಪ್ ಮಾಡುತ್ತಿದ್ದ ಕಾಲದವರು. ಈಗ ಸ್ಟುಡಿಯೋ ಮುಚ್ಚಿ ಮನೆ ಮಹಡಿಯಲ್ಲಿ ಪಾಠ.

ಮೊದಲ ದಿನಕ್ಕೆ ಅವರವರ ಅತಿ ಒಳ್ಳೆಯ ಫೋಟೋ ಅಂತ ಅನ್ನಿಸಿದ್ದು ಒಂದೇ ಒಂದು ತರಬೇಕು, ಅದೂ 8 ಇಂಚು 12 ಇಂಚಿನ ಪ್ರಿಂಟು. ಫೋನಿನಲ್ಲಿ ತೋರಿಸ್ತೀನಿ ಅಂದರೆ ನೋಡೋದೇ ಇಲ್ಲ. ಹಾಲಿನಲ್ಲಿ ಬಟ್ಟೆ ಒಣಗಿಸುವ ಹಾಗೆ ದಾರ ಕಟ್ಟಿದೆ, ಅದಕ್ಕೆ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಒಂದು ಹಳೇ ಬಿಸ್ಕತ್ ಡಬ್ಬ. ಯಾರಾದರೂ 'ಚೆನ್ನಾಗಿದೆ' ಅಂದರೆ 10 ರೂಪಾಯಿ ಡಬ್ಬಕ್ಕೆ. ಸೂಪರ್, ಸಕ್ಕತ್ ಅಂದರೂ ಅಷ್ಟೇ. 'ಚೆನ್ನಾಗಿಲ್ಲ' ಅಂದರೆ 20. ಆ ದುಡ್ಡಿನಲ್ಲಿ ಎಲ್ಲರಿಗೂ ಕಾಫಿ. ಮೊದಲ ವಾರ ಕಾಫಿ ಜೊತೆ ಬೋಂಡವೂ ಬಂತು ಅಂದರೆ ನಾವು ಎಷ್ಟು ಸಲ ಬಾಯಿ ಜಾರಿದೆವು ಅಂತ ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ಏನು ಹೇಳಬೇಕು? ಕಂಡದ್ದನ್ನು ಹೇಳಬೇಕು. ನನ್ನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಹಾಕಿಕೊಂಡಿತು. ಫೋಟೋ ತೆಗೆದವರು ಆ ಹೊತ್ತಿಗೆ ಬಾಯಿ ಬಿಡುವ ಹಾಗಿಲ್ಲ. ಇದು ತುಂಬಾ ಕಷ್ಟ, ಯಾಕಂದರೆ 'ಅವತ್ತು ಮೋಡ ಇತ್ತು', 'ಮಗು ಅಳ್ತಾ ಇತ್ತು' ಅಂತ ಸಮಜಾಯಿಷಿ ಕೊಡೋಕೆ ನಾಲಿಗೆ ತುರಿಸುತ್ತೆ. 'ಫೋಟೋ ಜೊತೆ ನೀವು ಎಲ್ಲಾ ಕಡೆ ಹೋಗಿ ಸಮಜಾಯಿಷಿ ಕೊಡ್ತೀರೇನಮ್ಮಾ?' ಅಂತ ನನ್ನನ್ನು ಎರಡು ಸಲ ಕೂರಿಸಿದರು. ಕೊನೆಗೆ ಹೇಳುವ ಸಲಹೆ ಮುಂದಿನ ವಾರ ಮಾಡೋಕಾಗುವಂಥದ್ದಾಗಿರಬೇಕು. 'ಹಿನ್ನೆಲೆ ಸರಿಯಿಲ್ಲ' ಅಂದರೆ ಲೆಕ್ಕಕ್ಕಿಲ್ಲ. 'ಒಂದು ಹೆಜ್ಜೆ ಎಡಕ್ಕೆ ಹೋಗಿದ್ದರೆ ಆ ಪೈಪು ಅವರ ತಲೆಯಿಂದ ಹುಟ್ಟಿದ ಹಾಗೆ ಕಾಣ್ತಿರಲಿಲ್ಲ' ಅಂದರೆ ಲೆಕ್ಕಕ್ಕುಂಟು.

ಇನ್ನೊಂದು ಕಟ್ಟುಪಾಡು, ಎಂಟು ವಾರವೂ ಒಬ್ಬರದೇ ಮುಖ. ವಾರವೆಲ್ಲ ಎಷ್ಟು ಬೇಕಾದರೂ ತೆಗೆಯಿರಿ, ಭಾನುವಾರಕ್ಕೆ ಒಂದೇ ಪ್ರಿಂಟು. ನಾನು ನಮ್ಮ ಅತ್ತೆಯನ್ನು ಆರಿಸಿಕೊಂಡೆ. ಮನೆಯಲ್ಲೇ ಇರುತ್ತಾರೆ ಅನ್ನುವ ಸೋಮಾರಿತನದಿಂದ, ಬೇರೆ ಕಾರಣ ಇಲ್ಲ.

ಅತ್ತೆಯ ಮೊದಲ ಫೋಟೋ ನನಗೆ ಬಹಳ ಹೆಮ್ಮೆಯದು. ಎಫ್ 1.8ರಲ್ಲಿ ತೆಗೆದಿದ್ದು, ಹಿಂದೆ ಎಲ್ಲಾ ಕರಗಿತ್ತು. ದಾರಕ್ಕೆ ಸಿಕ್ಕಿಸಿದ ಮೇಲೆ ಒಬ್ಬ ಸಾಫ್ಟ್‌ವೇರ್ ಹುಡುಗ ಹತ್ತಿರ ಹೋಗಿ ನೋಡಿ, 'ನನ್ನ ಕಣ್ಣು ಮೂಗುಬಟ್ಟಿಗೆ ಹೋಯಿತು, ಅಲ್ಲೇ ನಿಂತಿತು' ಅಂದ. ನಿಜ. ಫೋಕಸ್ ಕೂತಿದ್ದು ಮೂಗುಬಟ್ಟಿನ ಮೇಲೆ. ಅದರ ಏಳು ಹರಳನ್ನೂ ಎಣಿಸಬಹುದಿತ್ತು, ಎರಡೂ ಕಣ್ಣು ಮಾತ್ರ ಮೆತ್ತಗೆ. ಫೋನಿನ ಸ್ಕ್ರೀನಿನಲ್ಲಿ ಇದು ಗೊತ್ತೇ ಆಗಿರಲಿಲ್ಲ, ಪ್ರಿಂಟಿನಲ್ಲಿ ತಪ್ಪಿಸಿಕೊಳ್ಳೋಕೆ ಜಾಗವಿಲ್ಲ. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರು. ನನ್ನ ಕ್ಯಾಮೆರಾದಲ್ಲಿ ಈ ಲೆನ್ಸು ಎಫ್ 1.8ರಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಚೂಪಾಗಿ ಬರುವ ಜಾಗದ ಆಳ ಹೆಚ್ಚೂಕಡಿಮೆ ಎರಡೂವರೆ ಮೂರು ಸೆಂಟಿಮೀಟರ್ ಅಷ್ಟೇ. ಮೂಗು ಚೂಪಾದರೆ ಕಣ್ಣು ಹೋಯಿತು ಅಂತಲೇ ಅರ್ಥ. ಎಫ್ 4ಕ್ಕೆ ಬಂದರೆ ಅದು ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತೆ, ಮುಖದ ಮಟ್ಟಿಗೆ ಸಾಕು. ಆಮೇಲೆ ಕ್ಯಾಮೆರಾಗೆ ಫೋಕಸ್ ಪಾಯಿಂಟ್ ಆರಿಸೋಕೆ ಬಿಡಬಾರದು, ನಾವೇ ಒಂದು ಪಾಯಿಂಟ್ ಹಿಡಿದು ನಮ್ಮ ಕಡೆ ಇರುವ ಕಣ್ಣಿನ ಮೇಲೆ ಇಡಬೇಕು. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕುತ್ತವೆ, ಬ್ಯಾಚಿನಲ್ಲಿ ಅಂಥದ್ದು ಇಟ್ಟುಕೊಂಡಿದ್ದ ಡೆಂಟಿಸ್ಟ್ ಒಬ್ಬರು ಈ ಪಾಠದ ಹೊತ್ತಿಗೆ ಆರಾಮಾಗಿ ಕಾಫಿ ಕುಡಿಯುತ್ತಿದ್ದರು.

ಎರಡನೇ ವಾರದ್ದು ಬೆಳಕು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನನ್ನ ದುಡ್ಡು ವಸೂಲಾಗಿದ್ದು ಇಲ್ಲೇ. ನಾವು ಮನೆಯಲ್ಲಿ ಫೋಟೋ ತೆಗೆಯುವಾಗ ಏನು ಮಾಡುತ್ತೇವೆ? ಲೈಟ್ ಹಾಕುತ್ತೇವೆ. ಮೇಷ್ಟ್ರ ಮೊದಲ ಮಾತೇ ಲೈಟ್ ಆರಿಸಿ. ಕಿಟಕಿಯ ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು ಬಣ್ಣ, ಟ್ಯೂಬ್‌ಲೈಟಿನದು ಮತ್ತೊಂದು, ಮೂರೂ ಸೇರಿದರೆ ಒಂದು ಕೆನ್ನೆ ಹಳದಿ ಇನ್ನೊಂದು ಕೆನ್ನೆ ನೀಲಿ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತೆ, ಕ್ಯಾಮೆರಾ ಮಾಡೋದಿಲ್ಲ. ಜೊತೆಗೆ ನಮ್ಮ ಕರೆಂಟು 50 ಹರ್ಟ್ಜ್, ಹಳೇ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತೆ, ಶಟರ್ ವೇಗವನ್ನು ಸೆಕೆಂಡಿನ 1/500ಕ್ಕೆ ಏರಿಸಿದರೆ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳಬಹುದು. ಟ್ಯೂಬಿನಲ್ಲೇ ತೆಗೀಬೇಕು ಅಂತಿದ್ದರೆ 1/50 ಅಥವಾ 1/100. ನನ್ನ ಮಗಳ ಹೋದ ವರ್ಷದ ಹುಟ್ಟುಹಬ್ಬದ ಫೋಟೋಗಳಲ್ಲಿ ಜೀಬ್ರಾ ಪಟ್ಟೆ ಯಾಕಿದೆ ಅಂತ ಅವತ್ತು ಗೊತ್ತಾಯಿತು, ಸುಮ್ನೆ ಕ್ಯಾಮೆರಾ ರಿಪೇರಿಗೆ ಕೊಟ್ಟು ಬಂದಿದ್ದೆ.

ಆ ವಾರ ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ ಲೈಟ್ ಆರಿಸಿ ತೆಗೆದೆ. ಒಂದು ಕಡೆ ಸರಿಯಾಗಿ ಬೆಳಕು, ಇನ್ನೊಂದು ಕಡೆ ನೆರಳು, ನೆರಳಿನ ಕೆನ್ನೆ ಮಾತ್ರ ಯಾಕೋ ಹಸಿರು. ರಿಟೈರಾದ ಹೈಸ್ಕೂಲ್ ಮೇಡಂ ಒಬ್ಬರು ಬ್ಯಾಚಿನಲ್ಲಿದ್ದರು, ಅವರು ಕನ್ನಡಕ ಏರಿಸಿ, 'ಇವರಿಗೆ ಹುಷಾರಿಲ್ವಾ?' ಅಂದರು. ನಮ್ಮ ಹಾಲಿನ ಗೋಡೆಗೆ ತಿಳಿಹಸಿರು ಬಣ್ಣ, ಅದಕ್ಕೆ ಬಡಿದು ವಾಪಸ್ ಬಂದ ಬೆಳಕು ಕೆನ್ನೆಗೆ ಹಸಿರು ಬಳಿದಿತ್ತು. ಪರಿಹಾರ ನಾಲ್ಕಡಿಯ ಬಿಳೀ ಥರ್ಮಕೋಲ್ ಶೀಟು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ, ಗಣೇಶನ ಹಬ್ಬದ ಮಂಟಪಕ್ಕೆ ತರುತ್ತೇವಲ್ಲ, ಅದೇ. ಮುಖದ ನೆರಳಿನ ಕಡೆಗೆ, ಫೋಟೋದಲ್ಲಿ ಬರದ ಹಾಗೆ ಹಿಡಿದರೆ ಹಸಿರೂ ಹೋಗುತ್ತೆ, ನೆರಳೂ ಹಗುರಾಗುತ್ತೆ. ಹತ್ತಿರ ತಂದರೆ ಜಾಸ್ತಿ ಬೆಳಕು, ದೂರ ಒಯ್ದರೆ ಕಡಿಮೆ. ಬ್ಯಾಗಿನಲ್ಲಿ ಮಡಿಸಿ ಇಡುವ ರಿಫ್ಲೆಕ್ಟರ್ ಸಾವಿರಾರು ರೂಪಾಯಿಗೆ ತಗೊಂಡವರು ಇಬ್ಬರಿದ್ದರು, ಅವರೂ ಕೊನೆಗೆ ಥರ್ಮಕೋಲಿಗೇ ಬಂದರು. ಹೊರಗಡೆ ಮಾತ್ರ ಅದು ಗಾಳಿಗೆ ನಿಲ್ಲೋದಿಲ್ಲ, ಹಿಡಿದುಕೊಂಡವರನ್ನೂ ಎಳೆದುಕೊಂಡು ಹೋಗುತ್ತೆ.

ಯಾವ ಕಿಟಕಿ ಅನ್ನೋದರ ಬಗ್ಗೆ ಅವತ್ತು ಅರ್ಧ ಗಂಟೆ ಮಾತಾಯಿತು. ಪೋರ್ಟ್ರೇಟಿಗೆ ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬೀಳೋದಿಲ್ಲ ಅಂತ ಎಲ್ಲಾ ಕಡೆ ಹೇಳುತ್ತಾರೆ. ಕರೆಂಟ್ ದೀಪ ಇಲ್ಲದ ಕಾಲದಲ್ಲಿ ಸ್ಟುಡಿಯೋಗಳು ಉತ್ತರಕ್ಕೆ ಗಾಜಿನ ಮಾಡು ಕಟ್ಟಿಸುತ್ತಿದ್ದುದೂ ಅದಕ್ಕೇ. 'ಅದು ಯುರೋಪಿನವರ ಲೆಕ್ಕ' ಅಂದರು ಮೇಷ್ಟ್ರು. ಬೆಂಗಳೂರು ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತಲ್ವಾ, ಅದು. ಅಲ್ಲಿಂದ ಆಗಸ್ಟ್ 18ರ ಸುಮಾರಿನ ಎರಡನೇ ಶೂನ್ಯ ನೆರಳಿನ ದಿನದ ತನಕ ಅವನು ಮಧ್ಯಾಹ್ನ ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಜೂನ್‌ನಲ್ಲಿ ಉತ್ತರದ ಕಿಟಕಿಗೇ ಬಿಸಿಲು ಬರಬಹುದು, ದಕ್ಷಿಣದ್ದು ತಣ್ಣಗಿರುತ್ತೆ. ಡಿಸೆಂಬರಿನಲ್ಲಿ ಉಲ್ಟಾ. ನಾನು ಮನೆಗೆ ಬಂದು ನೋಡಿದೆ, ನಮ್ಮ ಅಡುಗೆಮನೆಯ ದಕ್ಷಿಣದ ಕಿಟಕಿ ಅವತ್ತು ಚಿನ್ನದಂಥ ಬೆಳಕು ಕೊಡುತ್ತಿತ್ತು, ಹದಿನಾಲ್ಕು ವರ್ಷ ಅದರ ಮುಂದೆ ಪಾತ್ರೆ ತೊಳೆದಿದ್ದೇನೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ಹೊರಗೆ ಯಾಕೆ ತೆಗೀಬಾರದು ಅನ್ನೋದಕ್ಕೆ ಅವರು ಬೇರೆ ವಿವರಣೆ ಕೊಡಲಿಲ್ಲ, ಒಬ್ಬನನ್ನು ಟೆರೇಸಿನಲ್ಲಿ ನಿಲ್ಲಿಸಿ ಕಣ್ಣಿನ ಗುಳಿ ತೋರಿಸಿದರು, ಪಾಂಡಾ ಥರ ಇತ್ತು. ಮಳೆಗಾಲದ ಮೋಡ ಇದಕ್ಕೆಲ್ಲ ಮದ್ದು, ಇಡೀ ಆಕಾಶವೇ ಒಂದು ಸಾಫ್ಟ್‌ಬಾಕ್ಸ್, ಸ್ಟುಡಿಯೋದಲ್ಲಿ ಬೆಳಕನ್ನು ಮೆತ್ತಗೆ ಮಾಡೋಕೆ ಲೈಟಿಗೆ ಹಾಕುವ ಪೆಟ್ಟಿಗೆ ಇರುತ್ತಲ್ಲ, ಹಾಗೆ. ಜೂನ್ ಬ್ಯಾಚಿಗೇ ಸೇರಿ ಅಂತ ಹೇಳೋದು ಅದಕ್ಕೆ.

ಕೆನ್ನೆ ಮೇಲೆ ತ್ರಿಕೋನ ಬೀಳಿಸುವ ಬೆಳಕು, ಡಚ್ ಚಿತ್ರಕಾರ ರೆಂಬ್ರಾಂಟ್ ಹೆಸರಿನದು, ಅದನ್ನೂ ಹೇಳಿಕೊಟ್ಟರು. ನನಗೆ ಅಷ್ಟು ಉಪಯೋಗ ಆಗಲಿಲ್ಲ. ಕಣ್ಣಿನಲ್ಲಿ ಕಿಟಕಿಯ ಬಿಳೀ ಚುಕ್ಕೆ ಕಾಣಬೇಕು ಅನ್ನೋದು ಉಪಯೋಗ ಆಯಿತು. ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ಸತ್ತಂತೆ ಕಾಣುತ್ತೆ.

ಬೆಳಕು ಸರಿಹೋದ ಮೇಲೆ ಅಸಲಿ ಸಮಸ್ಯೆ ಕಂಡಿತು. ಅತ್ತೆ. ಕ್ಯಾಮೆರಾ ಎತ್ತಿದ ಕೂಡಲೇ, 'ತಡಿಯಮ್ಮ, ಪೌಡರ್ ಹಾಕ್ಕೊಂಡು ಬರ್ತೀನಿ' ಅಂತ ಎದ್ದು ಹೋಗುತ್ತಾರೆ. ಬಂದ ಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ, ಎರಡೂ ಕೈ ತೊಡೆ ಮೇಲೆ, ಬೆನ್ನು ನೆಟ್ಟಗೆ, ಉಸಿರು ಕಟ್ಟಿ ನೆಟ್ಟನೋಟ. ಮೂರನೇ ವಾರ ದಾರಕ್ಕೆ ಸಿಕ್ಕಿಸಿದಾಗ ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ, ಮಾಗಡಿ ರಸ್ತೆಯವನು, ಕಡಿಮೆ ಮಾತಿನವನು, ಒಂದೇ ಮಾತು ಹೇಳಿದ. 'ಇವರು ಫೋಟೋ ಮುಗಿಯಲಿ ಅಂತ ಕಾಯ್ತಾ ಇದ್ದಾರೆ.' ನನಗೆ ಬೇಜಾರಾಯಿತು. ಮನೆಗೆ ಹೋಗುವ ಮೆಟ್ರೋದಲ್ಲಿ ರಾಜಾಜಿನಗರ ಬರುವ ತನಕ ಅದೇ ಯೋಚನೆ, ಇಪ್ಪತ್ತೆರಡರ ಹುಡುಗ, ನಮ್ಮತ್ತೆಯನ್ನು ನೋಡೇ ಇಲ್ಲ, ಸರಿಯಾಗಿ ಹೇಳಿದನಲ್ಲ.

ಮೇಷ್ಟ್ರು ಕೊಟ್ಟ ಸಲಹೆ ಸುಲಭದ್ದು, ಅವರ ಕೈಗೆ ಕೆಲಸ ಕೊಡಿ. ಅವರ ಕಾಲದಲ್ಲಿ ಸ್ಟುಡಿಯೋಗೆ ಹೋಗೋದು ಅಂದರೆ ಅಲುಗಾಡದೆ ಕೂರೋದು, ಅವರು ಕಲಿತಿದ್ದು ಅದು, ಅವರ ತಪ್ಪಲ್ಲ. ಅತ್ತೆ ದಿನಾ ಸಂಜೆ ಹೂಬತ್ತಿ ಹೊಸೆಯುತ್ತಾರೆ. ಹಾಗಾಗಿ ಕ್ಯಾಮೆರಾ ಹಿಡಿದು ಎದುರು ಕೂತೆ, ಫೋಟೋ ಅಂತ ಹೇಳಲೇ ಇಲ್ಲ. ಮೊದಲ ಎರಡು ದಿನ ಬರೀ ಮಾತು, ಕ್ಯಾಮೆರಾ ಮಡಿಲಲ್ಲಿ. ಮೂರನೇ ದಿನಕ್ಕೆ ಕ್ಯಾಮೆರಾನೂ ಮನೆಯ ಬೆಕ್ಕಿನ ಹಾಗಾಯಿತು, ಅವರು ಅದನ್ನು ನೋಡೋದೇ ಬಿಟ್ಟರು. ಒಂದು ವಿಷಯ ಗಮನಿಸಿದೆ. ಒಂದು ಬತ್ತಿ ಮುಗಿದ ಕೂಡಲೇ, ಇನ್ನೊಂದಕ್ಕೆ ಹತ್ತಿ ತಗೊಳ್ಳುವ ಮುಂಚೆ, ತಲೆ ಎತ್ತಿ ಒಂದು ಕ್ಷಣ ನನ್ನನ್ನು ನೋಡುತ್ತಾರೆ, ಹೇಳುತ್ತಿದ್ದ ಕಥೆ ನಾನು ಕೇಳಿಸಿಕೊಳ್ಳುತ್ತಿದ್ದೀನಾ ಅಂತ. ಆ ಕ್ಷಣಕ್ಕೆ ಕಾಯಬೇಕು. ನಾಲ್ಕನೇ ವಾರದಿಂದ ನನ್ನ ಎಲ್ಲಾ ಫೋಟೋ ಎರಡು ಬತ್ತಿಯ ನಡುವಿನದು.

ಕನ್ನಡಕವೂ ವಾಪಸ್ ಬಂತು, ಅದಿಲ್ಲದಿದ್ದರೆ ಬತ್ತಿ ಕಾಣೋದಿಲ್ಲವಲ್ಲ. ಕನ್ನಡಕದ ಜೊತೆಗೆ ಗಾಜಿನಲ್ಲಿ ಕಿಟಕಿಯ ಪ್ರತಿಬಿಂಬವೂ ಬಂತು. ಅದಕ್ಕೆ ಎರಡು ಉಪಾಯ, ಬೆಳಕು ಇನ್ನೂ ಪಕ್ಕಕ್ಕೆ ಬರುವ ಹಾಗೆ ಅವರನ್ನು ಕೂರಿಸೋದು, ಇಲ್ಲಾ ಕನ್ನಡಕದ ಕಡ್ಡಿಯನ್ನು ಕಿವಿ ಹತ್ತಿರ ಸ್ವಲ್ಪ ಎತ್ತಿ ಗಾಜು ಒಂಚೂರು ಕೆಳಕ್ಕೆ ಬಾಗುವ ಹಾಗೆ ಮಾಡೋದು. ಎರಡನೆಯದು ಮಾಡೋಕೆ ಹೋಗಿ, 'ನನ್ನ ಕನ್ನಡಕ ನಿಂಗ್ಯಾಕೆ ಕಣೇ?' ಅಂತ ಬೈಸಿಕೊಂಡೆ.

ಐದನೇ ವಾರ ಕ್ಲಾಸು ಕೆ.ಆರ್. ಮಾರ್ಕೆಟ್ಟಿನಲ್ಲಿ, ಬೆಳಿಗ್ಗೆ ಆರಕ್ಕೆ. ಗೊತ್ತಿಲ್ಲದವರ ಮುಖ, ಕೇಳಿಯೇ ತೆಗೀಬೇಕು ಅನ್ನೋದು ನಿಯಮ. ದೂರದಿಂದ ಜೂಮ್ ಹಾಕಿ ಕದ್ದು ತೆಗೆದ ಡೆಂಟಿಸ್ಟಿಗೆ ಅಲ್ಲೇ ಮಂಗಳಾರತಿ ಆಯಿತು. ನಾನು ಸೇವಂತಿಗೆ ರಾಶಿ ಹಾಕಿಕೊಂಡು ಕೂತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ. 'ತೆಕ್ಕೊಳವ್ವ, ಬೋಣಿ ಮಾಡು ಫಸ್ಟು' ಅಂದರು. ನಾಲ್ಕು ಮೊಳ ಕಟ್ಟಿದ ಹೂವು ತಗೊಂಡೆ, ಹದಿನೈದು ನಿಮಿಷ ಮಾತಾಡಿದರು, ಫೋಟೋ ಎಲ್ಲಾ ನೀಲಿ ಬಂತು. ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರು! ಮೂರು ಹೆಜ್ಜೆ ಈಚೆ, ಟಾರ್ಪಾಲಿನ ಅಂಚಿಗೆ ಬಂದಿದ್ದರೆ ಆಕಾಶದ ಬೆಳಕು ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ನೀಲಿ ತೆಗೆದರೆ ಸೇವಂತಿಗೆಯ ಬಣ್ಣ ಕೆಟ್ಟುಹೋಗುತ್ತೆ, ಸೇವಂತಿಗೆ ಸರಿಮಾಡಿದರೆ ಅಜ್ಜಿ ನೀಲಿ. ಕೊನೆಗೆ ಕಪ್ಪು ಬಿಳುಪು ಮಾಡಿ ತಂದೆ, 'ಬಣ್ಣದಿಂದ ಓಡಿಹೋಗಿದ್ದೀರಿ' ಅಂತ ಹಿಡಿದುಬಿಟ್ಟರು. ಅಜ್ಜಿಗೆ ಒಂದು ಪ್ರಿಂಟು ಕೊಟ್ಟು ಬಂದೆ, ಅವರು ಬಣ್ಣದ್ದೇ ಬೇಕಿತ್ತು ಅಂದರು.

ಬ್ಯಾಚಿನಲ್ಲಿ ಇಬ್ಬರ ಹತ್ತಿರ ಕ್ಯಾಮೆರಾ ಇರಲಿಲ್ಲ, ಫೋನು ಅಷ್ಟೇ. ಅವರನ್ನು ಕಡಿಮೆ ಮಾಡಿ ನೋಡಲಿಲ್ಲ ಅನ್ನೋದು ಇಲ್ಲಿ ಹೇಳಲೇಬೇಕು. ಫೋನಿನವರು ಮುಖದ ಹತ್ತಿರ ಹೋಗಿ ತೆಗೆಯುತ್ತಾರೆ, ಮೂಗು ದೊಡ್ಡದು ಕಿವಿ ಮಾಯ. ಅದು ಲೆನ್ಸಿನ ತಪ್ಪಲ್ಲ, ದೂರದ ವಿಷಯ. ಒಂದೂವರೆ ಮೀಟರ್ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿದರೆ ಅದೇ ಮುಖ ಸರಿಯಾಗಿ ಬರುತ್ತೆ. ಇದನ್ನು ಎರಡು ಪ್ರಿಂಟು ಪಕ್ಕಪಕ್ಕ ಇಟ್ಟು ತೋರಿಸಿದಾಗ ಬ್ಯೂಟಿ ಮೋಡಿನ ವಿಷಯವೂ ಬಂತು. ಒಬ್ಬ ಹುಡುಗಿ ಅವಳ ಅಮ್ಮನ ಫೋಟೋ ತಂದಿದ್ದಳು, ಅಮ್ಮ ಕಪ್ಪಗಿದ್ದಾರೆ, ಫೋಟೋದಲ್ಲಿ ಸುಣ್ಣ ಬಳಿದ ಹಾಗಿದ್ದರು. ಫೋನೇ ಮಾಡಿದ್ದು. ಮೇಷ್ಟ್ರು ಅವತ್ತು ತಮ್ಮದೇ ಕಥೆ ಹೇಳಿದರು. ಮದುವೆಗೆ ಕಳಿಸುವ ಫೋಟೋ ಅಂತ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ಒಂದೆರಡು ಬಣ್ಣ ಬೆಳ್ಳಗೆ ಮಾಡಿ ಕೊಟ್ಟಿದ್ದೇನೆ, ಅಪ್ಪಂದಿರೇ ಕೇಳುತ್ತಿದ್ದರು, ದುಡ್ಡು ತಗೊಂಡಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ ಅಂತ. ಆಮೇಲೆ ಕೆಲಸದ ಮಾತು: ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರು ಎದುರಿಗೆ ಇರೋದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಫೋಟೋ ತುಂಬ ಕಪ್ಪು ಮುಖ, ಕಪ್ಪು ಹಿನ್ನೆಲೆ ಇದ್ದರೆ ಜಾಸ್ತಿ ಬೆಳಕು ಬಿಟ್ಟು ಬಿಳುಚಿಸುತ್ತೆ. ಎಕ್ಸ್‌ಪೋಷರ್ ಅರ್ಧ ಅಥವಾ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತೆ), ಬೆಳಕು ಪಕ್ಕದಿಂದ ಬರಲಿ, ಕೆನ್ನೆಯ ಹೊಳಪು ಕಾಣಲಿ. ಮುಂದಿನ ವಾರ ಅವಳು ತಂದ ಪ್ರಿಂಟಿಗೆ ಮೂರು ಜನ ಡಬ್ಬಕ್ಕೆ ದುಡ್ಡು ಹಾಕಿದರು.

ಇನ್ನು ಬೇಜಾರಿನ ವಿಷಯಗಳು. ಆರನೇ ವಾರ ಫ್ಲ್ಯಾಶ್ ಅಂತ ಇತ್ತು, ದಂಡ. ಇರೋದು ಒಂದೇ ಹಳೇ ಲೈಟು, ಅದು ಮೂರು ಸಲಕ್ಕೆ ಒಂದು ಸಲ ಉರಿಯುತ್ತೆ, ಅಷ್ಟರಲ್ಲಿ ಕರೆಂಟು ಹೋಯಿತು. ಮದುವೆ ಹುಡುಗ ತನ್ನ ಫ್ಲ್ಯಾಶ್ ತಂದು ಗೋಡೆಗೆ ತಿರುಗಿಸಿ ಬೌನ್ಸ್ ಮಾಡೋದು ತೋರಿಸದಿದ್ದರೆ ಅವತ್ತಿನ ಫೀಸು ನೀರಿಗೆ ಹಾಕಿದ ಹಾಗೆ. ಕಂಪ್ಯೂಟರಿನಲ್ಲಿ ಎಡಿಟ್ ಮಾಡೋದು ಹೇಳಿಕೊಡುತ್ತೇವೆ ಅಂತ ಸೇರುವಾಗ ಹೇಳಿದ್ದರು, ಅದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ಮೇಷ್ಟ್ರಿಗೆ ಅದರಲ್ಲಿ ಆಸಕ್ತಿ ಇಲ್ಲ ಅನ್ನೋದು ಮುಖದಲ್ಲೇ ಕಾಣುತ್ತೆ. ಹಾಗಿದ್ದರೆ ಹೇಳಬಾರದಿತ್ತು. ಪ್ರಿಂಟಿನ ಖರ್ಚು ಫೀಸಿನಲ್ಲಿ ಸೇರಿಲ್ಲ, ಅದನ್ನು ಮೊದಲೇ ಹೇಳೋದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಒಂದಿದೆ. ನಾಲ್ಕನೇ ವಾರ ಡೆಂಟಿಸ್ಟು, ಆ ಹೊತ್ತಿಗೆ ಟೀಕೆ ಮಾಡೋದರಲ್ಲಿ ರುಚಿ ಹತ್ತಿತ್ತು ಅವರಿಗೆ, ಒಬ್ಬ ಕಾಲೇಜು ಹುಡುಗನ ಫೋಟೋವನ್ನು ಹತ್ತು ನಿಮಿಷ ಹರಿದು ಹಾಕಿದರು. ಒಂದೊಂದು ಮಾತೂ ನಿಯಮದ ಪ್ರಕಾರವೇ ಇತ್ತು, ಕಂಡದ್ದನ್ನೇ ಹೇಳಿದ್ದು. ಆದರೂ ಅದು ಹುಡುಗನಿಗೆ ಹೇಳಿದ್ದಲ್ಲ, ನಮಗೆ ಕೇಳಿಸೋಕೆ ಹೇಳಿದ್ದು. ಮೇಷ್ಟ್ರು ತಡೆಯಬೇಕಿತ್ತು, ತಡೆಯಲಿಲ್ಲ, ಕಾಫಿ ತರಿಸೋಕೆ ಹೋಗಿದ್ದರು. ಹುಡುಗ ಮುಂದಿನ ವಾರದಿಂದ ಬರಲಿಲ್ಲ. ಉಳಿದ ನಾವು ಆರು ಜನರೂ ಸುಮ್ಮನೆ ಕೂತಿದ್ದೆವು, ನಾನೂ ಸೇರಿ. ಆಮೇಲೆ ಮೇಷ್ಟ್ರು ಫೋನ್ ಮಾಡಿದರಂತೆ, ಅವನು ಎತ್ತಲಿಲ್ಲವಂತೆ. ಅಲ್ಲಿಂದ ಹೊಸ ನಿಯಮ ಬಂತು, ಒಬ್ಬರು ಎರಡು ಮಾತಿಗಿಂತ ಜಾಸ್ತಿ ಹೇಳುವ ಹಾಗಿಲ್ಲ, ಅದರಲ್ಲಿ ಒಂದು ಆ ಫೋಟೋದಲ್ಲಿ ಏನು ಕೆಲಸ ಮಾಡಿದೆ ಅನ್ನೋದಾಗಿರಬೇಕು. ಇದು ಮೊದಲ ದಿನದಿಂದ ಇರಬೇಕಾದ ನಿಯಮ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ, ಆ ಒಂದು ಹೋಗಿದ್ದು ಇಲ್ಲಿ, ಕೆಟ್ಟ ಲೈಟಿಗಲ್ಲ.

ಕೊನೆಯ ಭಾನುವಾರ ಎಲ್ಲರೂ ಮೊದಲ ವಾರದ ಪ್ರಿಂಟನ್ನೂ ಎಂಟನೆಯದನ್ನೂ ಅಕ್ಕಪಕ್ಕ ಸಿಕ್ಕಿಸಿದೆವು. ನನ್ನ ಎಂಟನೆಯದು ಅಡುಗೆಮನೆ ಕಿಟಕಿಯ ಬೆಳಕು, ಎಫ್ 4, ಶಟರ್ 1/125, ಅತ್ತೆ ಕೈಯಲ್ಲಿ ಹೊಸೆದ ಬತ್ತಿ, ಕಣ್ಣು ಎತ್ತಿದ್ದಾರೆ, ಏನೋ ಹೇಳೋಕೆ ಬಾಯಿ ತೆರೆಯುವ ಮುಂಚಿನ ಗಳಿಗೆ. ಪೌಡರ್ ಇಲ್ಲ. ಹೈಸ್ಕೂಲ್ ಮೇಡಂ ತುಂಬಾ ಹೊತ್ತು ನೋಡಿ, 'ಇವರು ನನ್ನನ್ನ ಏನೋ ಕೇಳ್ತಾ ಇದ್ದಾರೆ' ಅಂದರು. ಮೇಷ್ಟ್ರು, 'ಎಡಗಡೆ ಅಂಚಲ್ಲಿ ಸಿಲಿಂಡರ್ ಪೈಪು ಬಂದಿದೆ ನೋಡಮ್ಮಾ' ಅಂದರು. ಬಂದಿತ್ತು. ಎಂಟು ವಾರ ಆದರೂ ಅಂಚು ನೋಡೋದು ನನಗೆ ಬಂದಿಲ್ಲ.

ಪೈಪು ಇಲ್ಲದೆ ಇನ್ನೊಂದು ತೆಗೆದು ಫ್ರೇಮ್ ಹಾಕಿಸಿದ್ದೇನೆ. ಹಾಲಿನಲ್ಲಿ ಮೊಳೆ ಹೊಡೆಯೋಕೆ ಹೋದರೆ ಅತ್ತೆ ಬಿಡಲಿಲ್ಲ. 'ಗೋಡೆಗೆ ಹಾಕೋದು ಹೋದವ್ರನ್ನ ಕಣೇ, ನಾನಿನ್ನೂ ಇದೀನಿ.' ಸದ್ಯಕ್ಕೆ ಅವರ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ನೆಂಟರು ಬಂದರೆ ತೆಗೆದು ತೋರಿಸುತ್ತಾರೆ, ಯಾರಾದರೂ ಚೆನ್ನಾಗಿದೆ ಅಂದರೆ ನನ್ನ ಕಡೆ ನೋಡುತ್ತಾರೆ.

ಹೋಗೋದಾದರೆ ಕೆಲವು ಮಾತು. ಗಾಡಿ ತರಬೇಡಿ, ಭಾನುವಾರ ಗಾಂಧಿ ಬಜಾರ್ ಸುತ್ತ ನಿಲ್ಲಿಸೋಕೆ ಜಾಗ ಸಿಗೋದಿಲ್ಲ, ಮೆಟ್ರೋದ ಗ್ರೀನ್ ಲೈನಿನಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ನಡೆಯಬಹುದು. ಮೆಟ್ಟಿಲು ಕಡಿದು, ಮಂಡಿ ನೋವಿರುವವರಿಗೆ ಕಷ್ಟ. ತಿಂಡಿ ತಿಂದೇ ಹೋಗಿ, ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಹೋಗ್ತೀನಿ ಅಂದುಕೊಂಡರೆ ಭಾನುವಾರದ ಕ್ಯೂನಲ್ಲೇ ಎಂಟೂವರೆ ಆಗುತ್ತೆ. ಹೊಸ ಕ್ಯಾಮೆರಾ ತಗೊಂಡು ಸೇರೋಣ ಅಂತ ಕಾಯಬೇಡಿ. ಮದುವೆ ಫೋಟೋ ವ್ಯಾಪಾರ ಶುರುಮಾಡೋಕೆ, ಸ್ಟುಡಿಯೋ ಲೈಟಿಂಗ್ ಕಲಿಯೋಕೆ ಅಂತಿದ್ದರೆ ಇದು ನಿಮಗಲ್ಲ, ಬೇರೆ ಕಡೆ ಹುಡುಕಿ. ಹತ್ತು ರೂಪಾಯಿ ಚಿಲ್ಲರೆ ಜಾಸ್ತಿ ಇಟ್ಟುಕೊಂಡು ಹೋಗಿ, ಮೇಷ್ಟ್ರು ಡಬ್ಬಕ್ಕೆ ಫೋನ್ ಪೇಮೆಂಟ್ ತಗೊಳ್ಳೋದಿಲ್ಲ.